ಕಿತ್ತಳೆ ಬಣ್ಣದ ಪಟ್ಟಿ

ಎಡ್ಜ್‌ಹಿಲ್ ಗುಡ್ಡದ ಕೆಳಗೆ ರಾಜನ ದಂಡಿಗೂ ಪಾರ್ಲಿಮೆಂಟಿನ ದಂಡಿಗೂ ಮೊದಲ ದೊಡ್ಡ ಕಾಳಗ ನಡೆದು ಮೂರು ದಿನವಾಗಿತ್ತು. ಪಾರ್ಲಿಮೆಂಟಿನ ಕಡೆಗಿದ್ದ ವಾರಿಕ್ ಪೇಟೆಯಲ್ಲಿ, ರೊಟ್ಟಿ ಸುಡುವವನ ಬಾಗಿಲ ಬಳಿ, ಅವನ ಒಲೆಯಲ್ಲಿ ಸುಡಿಸಲು ನಾದಿದ ಹಿಟ್ಟು ಹಿಡಿದು ನಿಂತಿದ್ದ ಮಾರ್ಜರಿಗೆ, ಸಾಲಿನಲ್ಲಿ ತನ್ನ ಮುಂದಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನಿನ್ ಮಗ ಆಂಬ್ರೋಸ್ ನಮ್ ಕಡೆ ಕುದುರೆ ದಂಡಲ್ಲಿ ತಾನೇ, ಥಾಮಸಿನ್? ಯಾರ ತುಕಡಿ?” ಎಂದಳು ಅರ್ಸುಲಾ.

“ಕ್ಯಾಪ್ಟನ್ ಹಾಲ್ಕಟ್‌ದು. ಯಾಕೆ?”

“ಗಾಯ ಆದೋರ್ನ ತಂದ ಗಾಡಿಯೋನು ಹೇಳ್ದ. ಆ ತುಕಡಿ ಕಾಳಗದ ಮಧ್ಯೆನೇ ರಾಜನ ಕಡೆಗೆ ಹಾರ್ತಂತೆ.”

“ಹಾರಿದ್ರೆ ಹಾರ್ಲಿ. ಜೀವ ಇದ್ರೆ ಸಾಕು. ಬೈಯೋದಿದ್ರೆ ಬೈಯಿ.”

“ಬೈಯಲ್ಲ ಕಣೆ, ಕೇಳು. ಎರಡೂ ಕಡೆಯೋರ ಕೋಟು ಒಂದೇ ಥರ. ಹೆಗಲ ಮೇಲಿನ ಪಟ್ಟಿ ನೋಡೇ ಗುರುತು ಹಿಡೀಬೇಕು. ಅವರದು ಕೆಂಪು, ನಮ್ದು ಕಿತ್ತಳೆ. ಅದನ್ನ ತೆಗೆದು ಬಿಸಾಕದೆ ಹೋದೋರ್ನ ರಾಜನ ಕಡೆಯೋರೇ ಕಡಿದ್ರಂತೆ.”

“ಇವನು ಬಿಸಾಕಿರ್ತಾನೆ.”

“ಬಿಸಾಕೋದೇನು, ತಾನಾಗೇ ಬಿದ್ದೋಗಿರುತ್ತೆ. ಟೋಪಿ, ಚಾಕು, ಏನ್ ಕೊಟ್ರೂ ಕಳ್ಕೊಂಡು ಬರೋನಲ್ವಾ ನಿನ್ ಮಗ?”

ಥಾಮಸಿನ್ ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

“ಅದಕ್ಕೇ ಹೊಲಿದು ಕೊಟ್ಟಿದ್ದೆ. ಕೋಟಿಗೇ ಸೇರಿಸಿ.”

“ನಾಲ್ಕು ಹೊಲಿಗೆ ತಾನೆ? ಎಳೆದ್ರೆ ಬರುತ್ತೆ.”

“ಮೇಣ ಹಚ್ಚಿದ ಜೋಡಿ ದಾರ, ಅರ್ಸುಲಾ. ಸುತ್ತಲೂ.”

ಒಳಗಿನಿಂದ ಕರೆ ಬಂತು. ಇಬ್ಬರೂ ಮುಂದಕ್ಕೆ ಹೋದರು. ಬುಟ್ಟಿಗೆ ಮುಚ್ಚಿದ್ದ ಬಟ್ಟೆಯ ಅಂಚಿನ ಹೊಲಿಗೆಯನ್ನು ಥಾಮಸಿನ್ ಹೆಬ್ಬೆರಳ ಉಗುರಿನಿಂದ ಬಿಚ್ಚಲು ನೋಡುತ್ತಿದ್ದುದು ಮಾರ್ಜರಿಗೆ ಕಂಡಿತು. ಅದು ಬಿಚ್ಚಲಿಲ್ಲ.