ಇಲ್ಪೋನ ಚಳಿಗಾಲದ ಚಕ್ರಗಳು

ಉತ್ತರ ಫಿನ್ಲೆಂಡಿನ ರೊವಾನಿಯೆಮಿ ಊರಿನ ಟೈರ್ ಅಂಗಡಿಯಲ್ಲಿ ಸರದಿಗೆ ಕೂತಿದ್ದ ಐಲಾ ಕಾಫಿ ಮರೆತು ಪಕ್ಕದ ಬೆಂಚಿಗೆ ಕಿವಿ ಕೊಟ್ಟಿದ್ದಳು. ಅಲ್ಲೊಬ್ಬ ಮುದುಕ, ಅವನ ವಿಧವೆ ಸೊಸೆ. ತೀರಿಹೋದ ಮಗ ಇಲ್ಪೋನ ಹಳೆಯ ಕಾರಿನ ಚಳಿಗಾಲದ ಚಕ್ರಗಳನ್ನು ಸೊಸೆಯ ಹೊಸ ಕಾರಿಗೆಂದು ಮುದುಕನೇ ಹೊತ್ತು ತಂದಿದ್ದ.

“ಬ್ರೇಕಿಗೆ ತಾಗುತ್ತಂತೆ ಮಾವ. ಒಂದು ಸುತ್ತೂ ತಿರುಗಲ್ಲ.”

“ಬೋಲ್ಟಿನ ತೂತೆಲ್ಲ ಸರಿಯಾಗಿ ಕೂತ್ವಲ್ಲ?”

“ತೂತು ಕೂತ್ರೆ ಆಯ್ತಾ? ಈ ಕಾರಿನ ಬ್ರೇಕ್ ದೊಡ್ಡದು, ಚಕ್ರದೊಳಗೆ ಹಿಡಿಸಲ್ಲ.”

“ಸ್ವಲ್ಪ ಅರದಲ್ಲಿ ಉಜ್ಜಿಸಿದ್ರೆ?”

“ಬ್ರೇಕ್ ಉಜ್ಜಿಸ್ಕೊಂಡು ನಾನು ಹಿಮದಲ್ಲಿ ರೋಗಿಗಳ ಮನೆ ಸುತ್ಲಾ? ಚೆನ್ನಾಗಿದೆ ನಿಮ್ಮ ಬುದ್ಧಿ!”

ಮುದುಕ ನಗಲಿಲ್ಲ.

“ಇಲ್ಪೋ ಎರಡೇ ಚಳಿಗಾಲ ಓಡಿಸಿದ್ದು. ಹಿಮದಲ್ಲಿ ಜಾರದ ಹಾಗೆ ಟೈರಿಗೆ ಹೊಡೆದ ಮೊಳೆ ಒಂದೂ ಉದುರಿಲ್ಲ.”

“ಗೊತ್ತು ಮಾವ.”

“ಏಪ್ರಿಲ್‌ನಲ್ಲಿ ತಾನೇ ತೊಳೆದು ಹಬೆಸ್ನಾನದ ಸೌನಾ ಮನೆ ಹಿಂದೆ ಪೇರಿಸಿಟ್ಟ. ಮೇ ತಿಂಗಳಿಗೆ ಅವನೇ ಇಲ್ಲ.”

ಸೊಸೆ ಅವನ ತೋಳು ಹಿಡಿದಳು.

“ಅವನ ಚಕ್ರದ ಮೇಲೆ ಹೋದ್ರೆ ನಿನಗೇನೂ ಆಗಲ್ಲ ಅಂದ್ಕೊಂಡಿದ್ದೆ ಕಣಮ್ಮ.”

“ಒಂದಿಂಚು ದೊಡ್ಡ ಹೊಸ ಚಕ್ರ ಸಿಗುತ್ತಂತೆ. ಹಾಕಿಸ್ಲಾ?”



“ಹಾಕ್ಸು. ಆದ್ರೆ ನನ್ನೆದುರೇ ಕೈಯಲ್ಲಿ ತಿರುಗಿಸ್ಲಿ. ನಾಲ್ಕನ್ನೂ.”

ಇಬ್ಬರೂ ಎದ್ದು ಕಾರು ನಿಂತಿದ್ದ ಒಳಕೋಣೆಗೆ ನಡೆದರು. ಹೊಸ ಚಕ್ರಗಳು ಕೂತ ಮೇಲೆ ಮುದುಕ ಕಿವಿ ಮುಚ್ಚಿದ್ದ ಟೋಪಿ ತೆಗೆದು, ಕಾರಿನ ಪಕ್ಕ ಮಂಡಿಯೂರಿ, ಎಲ್ಲಾದರೂ ತಾಗುವ ಸದ್ದಿದೆಯೇ ಎಂದು ಮೊದಲ ಚಕ್ರದ ಹತ್ತಿರ ತಲೆ ಬಾಗಿಸಿದ.