ಇದೊಂದೇ ಪ್ರತಿ

“ಹಲೋ... ಹಾಂ, ಯಾರು ಮಾತಾಡ್ತಿರೋದು?”

ಸಿದ್ಧ ಉಡುಪಿನ ಕಾರ್ಖಾನೆಯ ಹಿಂಬದಿಯ ಮೆಟ್ಟಿಲ ಮೇಲೆ, ಅರ್ಧ ಉಂಡ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

...

“ಓ, ಸಾರ್, ನೀವಾ. ಅಂತೂ ಮಾಡಿದ್ರಲ್ಲ. ನಾನೇ ಸಾರ್, ಆ ಪುಸ್ತಕ ಬರೆದವಳ ತಂಗಿ. ಹಳೇ ಪುಸ್ತಕದಂಗಡಿಯವರ ಕೈಲಿ ಅಕ್ಕನ ಹಾಳೆಗಳನ್ನ ಕಳಿಸಿದ್ದೆನಲ್ಲ... ಸಿಕ್ಕಿದ್ವಾ?”

...

ಸಿಕ್ಕಿದ್ದವು. ಅವಳಿಗೆ ಹೋದ ಜೀವ ಬಂದಂತಾಯಿತು. ಇದೇ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿಗೆ ಬೆಂಕಿ ಬಿದ್ದ ದಿನ, ಹೊರಗಿನಿಂದ ಅಗುಳಿ ಹಾಕಿದ್ದ ಬಾಗಿಲ ಹಿಂದೆ ಬೆಂದುಹೋದ ಹೆಂಗಸರ ಬಗ್ಗೆ ಅಕ್ಕ ಬರೆದಿದ್ದಳು. ಅಂಥ ಬೆಂಕಿ ಬಿದ್ದೇ ಇಲ್ಲ ಎಂದು ಮಾಲೀಕರು ಇವತ್ತಿಗೂ ಸಾಧಿಸುತ್ತಾರೆ. ಹೊಸ ಶೆಡ್ಡಿಗೂ ಅಗುಳಿ ಹೊರಗೇ. ಅದರೊಳಗೆ ದುಡಿಯುವ ಹುಡುಗಿಯರು ಅಕ್ಕನ ಪುಸ್ತಕ ಓದಬೇಕು. ಇವಳಿಗಿದ್ದದ್ದು ಅದೊಂದೇ ಆಸೆ. ಅಕ್ಕ ಸತ್ತ ಮೇಲೆ ಇವಳ ಬಳಿ ಉಳಿದದ್ದು ಪುಸ್ತಕದ ಹಿಂದಿನರ್ಧ ಮಾತ್ರ. ಮುಂದಿನರ್ಧ, ಅಪರೂಪದ ಪುಸ್ತಕಗಳನ್ನು ಕೂಡಿಡುವ ಈ ಸಂಗ್ರಹಕಾರರ ಬಳಿ ಇತ್ತು. ಎರಡನ್ನೂ ಸೇರಿಸಿ ನಕಲು ತೆಗೆಸಿ ಕೊಡುತ್ತೇನೆ ಎಂದಿದ್ದರು. ಆ ಒಂದು ಮಾತು ನಂಬಿ ಕಳಿಸಿದ್ದಳು.

...

“ಪುಸ್ತಕ ಯಾಕೆ ಇಷ್ಟು ಅಪರೂಪ ಆಯ್ತು ಅಂತೀರಾ? ಯಾರೂ ಬೇಕಂತ ಮಾಡಿದ್ದಲ್ಲ ಸಾರ್. ಅಚ್ಚಾಗಿದ್ದೇ ಸ್ವಲ್ಪ. ಮಾಲೀಕರ ಕಡೆಯವರು ಪ್ರೆಸ್ಸಿನವರನ್ನ ಹೆದರಿಸಿದ್ರು, ಅವರು ಜೋಡಿಸಿದ್ದ ಅಚ್ಚಿನ ಮೊಳೆಗಳನ್ನೆಲ್ಲ ಬಿಚ್ಚಿಬಿಟ್ರು. ಇದ್ದಷ್ಟನ್ನ ನಾವೇ ಹರಿದ್ವಿ.”

...

“ಹಾಂ, ನಾವೇ, ಓದೋ ಗುಂಪಿನವರು. ಇಡೀ ಪುಸ್ತಕ ಹಿಡ್ಕೊಂಡು ಗೇಟು ದಾಟೋಕಾಗುತ್ತಾ? ಹೊಲಿಗೆ ಬಿಚ್ಚಿ ಒಬ್ಬೊಬ್ಬಳಿಗೆ ಒಂದೊಂದು ಕಂತೆ. ಡಬ್ಬಿ ತಳದಲ್ಲಿ ಇಟ್ಕೊಂಡು ಹೋಗೋದು, ರಜಾ ದಿನ ಸೇರಿ ಅದಲುಬದಲು ಮಾಡ್ಕೊಳ್ಳೋದು. ಒಬ್ಬಳಿಗೆ ಕೊನೇ ಕಂತೇನೇ ಮೊದಲು ಸಿಕ್ಕಿ, ಸತ್ತವಳು ಮುಂದಿನ ವಾರ ಮದುವೆ ಆಗ್ತಾಳಲ್ರೇ ಅಂತ ತಕರಾರು ತೆಗೆದಿದ್ಲು. ಕೈಯಿಂದ ಕೈಗೆ ಹೋಗಿ, ಬೆವರಿಗೆ, ಎಣ್ಣೆಗೆ, ಸವೆದೇ ಹೋಯ್ತು ಸಾರ್.”

...

“ಇಡೀದಾಯ್ತು ಅಂದ್ರೆ? ನಮ್ಮದನ್ನ ನಿಮ್ಮದಕ್ಕೆ ಸೇರಿಸಿ ಹೊಲಿಸಿಬಿಟ್ರಾ... ಚರ್ಮದ ರಟ್ಟಾ. ಅಲ್ಲ ಸಾರ್, ಅಕ್ಕನ ಹಾಳೆ ವಾಪಸ್ ಕೊಡ್ತೀನಿ ಅಂದಿದ್ರಿ ಅಲ್ವಾ?”

...

“ಆಯ್ತು, ನಿಮ್ಮ ಹತ್ರಾನೇ ಇರಲಿ. ನಕಲು ತೆಗೆಸಿದ್ರೆ ಸಾಕು... ಅಗಲ ಮಾಡಿದ್ರೆ ಪುಸ್ತಕದ ಬೆನ್ನು ಬಿಟ್ಟುಹೋಗುತ್ತಾ? ಹಾಗಾದ್ರೆ ನೀವೇ ಒಂದೊಂದೇ ಪುಟ ತಿರುವಿ, ನಾವು ದೂರದಿಂದ ಫೋಟೋ ತಗೋತೀವಿ... ಅದೂ ಬೇಡ್ವಾ. ಯಾಕೆ?”

ಆ ಕಡೆಯ ಉತ್ತರ ನಿಧಾನವಾಗಿ, ನಯವಾಗಿ, ಬಹಳ ಹೊತ್ತು ಬಂತು. ಕೇಳುತ್ತ ಕೇಳುತ್ತ ಅವಳ ಮೈಯೆಲ್ಲ ಉರಿಯಿತು.

“ಎಲ್ಲರ ಕೈಗೂ ಸಿಕ್ಕಿದ್ರೆ ಅದಕ್ಕೇನು ಬೆಲೆ, ಅಲ್ವಾ? ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿದ್ರು ಅಂತ ಕೂಗಿ ಹೇಳೋ ಪುಸ್ತಕ ಸಾರ್ ಅದು. ಅದಕ್ಕೂ ಹೊರಗಿನಿಂದ ಅಗುಳಿ ಹಾಕ್ತಿದ್ದೀರಲ್ಲ ನೀವು.”

...

ಇನ್ನೂ ನಾಲ್ಕು ಮಾತು ನಾಲಿಗೆ ತುದಿಯಲ್ಲಿದ್ದವು. ಆದರೆ ಹಾಳೆ ಅವರ ಕೈಯಲ್ಲಿತ್ತು. ಅವಳು ಎಲ್ಲವನ್ನೂ ನುಂಗಿಕೊಂಡು ದನಿ ತಗ್ಗಿಸಿದಳು.

“ತಪ್ಪಾಯ್ತು ಸಾರ್. ಫೋನ್ ಇಡಬೇಡಿ... ಬೇರೆಯವರ ಹತ್ರವಾ? ಎಲ್ಲಿದೆ ಸಾರ್. ಎಲ್ಲರ ಮನೆಗೂ ಹೋಗಿ ಬಂದೆ. ಒಬ್ಬಳದ್ದು ಗೆದ್ದಲು ತಿಂತು, ಒಬ್ಬಳದ್ದನ್ನ ಗಂಡ ಒಲೆಗೆ ಹಾಕಿದ. ಒಂದು ಹಾಳೆ ಕೂಡ ಎಲ್ಲೂ ಉಳಿದಿಲ್ಲ. ಇರೋದು ನಿಮ್ಮದೊಂದೇ. ಅದಕ್ಕೇ ಇಷ್ಟು ಗೋಗರೀತಿರೋದು.”

...

“ಇನ್ನೊಂದು ಸಲ ಹೇಳ್ಬೇಕಾ? ಯಾಕೆ, ಕೇಳಿಸಲಿಲ್ವಾ?... ಬರೆದವಳ ತಂಗಿ ಅಂತಾನೂ ಸೇರಿಸಿ ಹೇಳ್ಬೇಕಾ. ಯಾಕೆ ಸಾರ್?”

...

“ರೆಕಾರ್ಡ್ ಮಾಡ್ಕೊಂಡ್ರಾ? ಯಾರಿಗೆ ಕೇಳಿಸೋಕೆ?... ಕೊಳ್ಳೋರಿಗಾ. ಇದೊಂದೇ ಪ್ರತಿ ಅಂತ ಅವರಿಗೆ ಖಾತ್ರಿ ಬೇಕಾ.”

ಕೈಯಲ್ಲಿದ್ದ ಹಾಳೆ ಕೊಟ್ಟಾಗಿತ್ತು. ಈಗ ಬಾಯಲ್ಲಿದ್ದ ಮಾತನ್ನೂ ಕೊಟ್ಟುಬಿಟ್ಟಿದ್ದಳು. ಅವಳು ಎದ್ದು ನಿಂತಳು. ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೋಡೆ ಹಿಡಿದಳು.

“ಸಾರ್, ಸಾರ್, ನಾನು ಹೇಳಿದ್ದು ಸುಳ್ಳು. ಇದೆ. ಬೇಕಾದಷ್ಟಿದೆ. ಎಲ್ಲರ ಮನೇಲೂ ಇಡೀ ಪುಸ್ತಕಾನೇ ಇದೆ... ಮೊದಲಿನದ್ದನ್ನ ಅಳಿಸಿ, ಇದನ್ನ ಹಾಕಿ. ಹಾಂ? ಹಾಕಿದ್ರಾ? ಕೇಳಿ, ನಾನು ಆ ಪುಸ್ತಕ ಬರೆದವಳ ಸ್ವಂತ ತಂಗಿ ಹೇಳ್ತಿದ್ದೀನಿ. ನಮ್ಮ ಹತ್ರ ಇನ್ನೂ... ಹಲೋ? ನಮ್ಮ ಹತ್ರ ಇನ್ನೂ ಎಷ್ಟೋ...”