ಕವುಚಿ ಹಾಸಿದ ಗೋರಿಕಲ್ಲು

ಮಧ್ಯಾಹ್ನದಿಂದ ಒಂದೇ ಸಮನೆ ಮಳೆ. ನಮ್ಮ ಸ್ಕಾಟ್ಲೆಂಡ್ ಕರಾವಳಿಯಲ್ಲಿ ಇಂಥ ದಿನ ದೋಣಿಗಳಿಗೆ ರಜೆ, ಗಾಳಗಳಿಗೆ ಚಿಪ್ಪಿನ ಮಾಂಸ ಸಿಕ್ಕಿಸುವ ಹೆಂಗಸರಿಗೆ ರಜೆಯಿಲ್ಲ. ಗ್ರಿಜೆಲ್ ಅಜ್ಜಿಯ ಅಡುಗೆಮನೆಯಲ್ಲಿ ನೆರೆಹೊರೆಯವರೆಲ್ಲ ಬುಟ್ಟಿ ಹಿಡಿದು ಕೂತಿದ್ದೆವು. ಅಜ್ಜಿಯ ಸೊಸೆ ಐಲಿ ತುಂಬು ಬಸುರಿ. ಅವಳೇ ಮಾತು ತೆಗೆದಳು.

"ಅತ್ತೆ, ಆ ಪಾಳುಬಿದ್ದ ದೊಡ್ಡ ಇಗರ್ಜೀಲಿ ದೆವ್ವ ಇದೆಯಂತೆ?"

"ಅಲ್ಲ್ಯಾಕಿರುತ್ತೆ ಮಾರಾಯ್ತಿ? ಇರೋಕೆ ಅಲ್ಲೇನು ಉಳಿದಿದೆ?" ಅಜ್ಜಿ ನಿಟ್ಟುಸಿರಿಟ್ಟಳು. "ಅದನ್ನ ಕಟ್ಟೋಕೆ ಐದಾರು ತಲೆಮಾರು ಬೇಕಾಯ್ತಂತೆ, ಪ್ರತಿಷ್ಠೆ ದಿನ ರಾಜನೇ ಬಂದಿದ್ನಂತೆ. ಆಮೇಲೆ ಹೊಸ ಮತ ಬಂತು, ಹಳೇ ಪಾದ್ರಿಗಳನ್ನ ಓಡಿಸಿದ್ರು, ಮೂರ್ತಿಗಳು ಚೂರಾದ್ವು, ಚಾವಣಿಗೆ ಹೊದಿಸಿದ್ದ ಸೀಸದ ತಗಡೂ ಕಿತ್ಕೊಂಡ್ಹೋದ್ರು... ಚಾವಣಿ ಹೋದ್ಮೇಲೆ ಇನ್ನೇನು ಹೇಳಿ? ಯಾರಿಗೆ ಗೋಡೆ ಬೇಕಾದ್ರೂ ಕೈಗಾಡಿ ತಗೊಂಡು ಅಲ್ಲಿಗೇ. ನಿಮ್ಮನೆ ಕಿಟಕಿ ಮೇಲೆ ಅರ್ಧ ಒಡೆದ ಕಲ್ಲಿನ ದೇವದೂತ ಇದಾನಲ್ಲ, ಅವನೇನು ಹಾರ್ಕೊಂಡು ಬಂದ್ನಾ?"

ಆ ಮಾತು ನನಗೆ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

"ಈ ಮನೆ ಕಟ್ಟುವಾಗ ನಮ್ಮ ಯಜಮಾನ್ರು ಒಲೆ ಮುಂದೆ ಹಾಸೋಕೆ ಒಂದು ಚಪ್ಪಡಿ ತಂದ್ರು. ನೋಡಿದ್ರೆ ಗೋರಿಕಲ್ಲು! ಕೈಮುಗಿದು ಮಲಗಿದ ಪಾದ್ರಿ, ಹೆಸರೆಲ್ಲ ಸವೆದುಹೋಗಿದೆ. ಬೇಡ ಅಂದೆ. 'ಮುಖ ಕೆಳಗೆ ಮಾಡಿ ಹಾಸಿದ್ರೆ ಯಾರಿಗ್ ಗೊತ್ತಾಗುತ್ತೆ, ಬಿಡೇ' ಅಂದ್ರು. ಊರೆಲ್ಲ ಮಾಡ್ತಿದ್ದಿದ್ದೂ ಹಾಗೇ. ಸತ್ತವನಿಗೆ ಗೊತ್ತಾಗುತ್ತೆ ಅಂತ ಯಾರಿಗೂ ಹೊಳೀಲಿಲ್ಲ...

"ಐಲಿ, ಆ ಚಳಿಗಾಲ ನಿನ್ನ ಗಂಡ ವ್ಯಾಟಿ ಹುಟ್ಟಿದ. ದಿನ ತುಂಬೋ ಮೊದಲೇ ಬಂದ ಕೂಸು, ಶಾಖ ಇಲ್ದಿದ್ರೆ ಉಳಿಯಲ್ಲ ಅಂದ್ಲು ಸೂಲಗಿತ್ತಿ. ತೊಟ್ಟಿಲನ್ನ ಆ ಕಲ್ಲಿನ ಮೇಲೇ ಇಟ್ಟೆ. ಬೆಳಗ್ಗೆ ನೋಡಿದ್ರೆ ತೊಟ್ಟಿಲು ಬಾಗಿಲ ಹತ್ರ, ಕೂಸಿನ ತುಟಿ ನೀಲಿ! ಕಲ್ಲಿನ ಮೇಲೆ ಒಬ್ಬ ಮಲಗಿ ಎದ್ದಷ್ಟು ಒದ್ದೆ... ದಿನಾ ಇದೇ ಗೋಳು. ಕಲ್ಲು ವಾಪಸ್ ಇಟ್ಟುಬಿಡೋಣ ಅಂತ ಜಾಗ ಹುಡುಕೋಕೆ ಹೋದ್ವಿ. ಎಲ್ಲಿಡೋದು? ಬರೀ ಹೊಂಡ, ಮುಳ್ಳು. ತನ್ನ ಗುಂಡಿ ಯಾವುದು ಅಂತ ಆ ಸತ್ತ ಪಾದ್ರಿಗೇ ಗೊತ್ತಿಲ್ದೆ ತಾನೆ ಕಲ್ಲು ಹುಡುಕ್ಕೊಂಡು ಬಂದಿದ್ದು?

"ಆಮೇಲೊಂದು ದಿನ ಮಟಮಟ ಮಧ್ಯಾಹ್ನ ಅವನನ್ನ ಕಣ್ಣಾರೆ ನೋಡ್ದೆ. ಹೆದರಿಸೋ ಮುಖ ಅಲ್ಲ ಕಣ್ರೇ, ದಣಿದ ಮುಖ. ತೊಟ್ಟಿಲಿಗೆ ಕೈ ಹಾಕಿದ. ಮಂಡಿಯೂರಿ ಬೇಡ್ಕೊಂಡೆ. 'ಸ್ವಾಮೀ, ಕೂಸು ಒಂದು ಕಡೆ ಇರಲಿ, ಇನ್ನೊಂದು ಕಡೆ ನೀವು ಮಲಗಿ. ನನ್ನ ಜಾಗ ನಿಮಗೆ ಬಿಟ್ಟೆ. ಬದುಕಿರೋ ತನಕ ನಾನು ಬೆಂಕಿ ಹತ್ರ ಕೂರಲ್ಲ.' ಆಯ್ತು ಅನ್ನೋ ಹಾಗೆ ತಲೆ ಆಡಿಸಿದ. ತೊಟ್ಟಿಲು ಮತ್ತೆ ಕದಲಲಿಲ್ಲ.

"ನಾನು ಅವತ್ತಿಂದ ಈ ಬಾಗಿಲ ಥಂಡೀಲೇ. ಮಂಡಿ ಹಿಡ್ಕೊಂಡಿದೆ, ಸಾಕಾಗಿದೆ... ಅಲ್ಲ, ಇಷ್ಟು ಜನ ನೆಂದು ಬಂದ್ರಿ. ಒಲೆ ಮುಂದೆ ಅಷ್ಟು ಜಾಗ ಬಿಟ್ಟು ಗೋಡೆಗೆ ಒತ್ಕೊಂಡು ಕೂತಿದೀರಲ್ಲ, ಅಲ್ಲಿ ಕೂರಬೇಡಿ ಅಂತ ನಾನೇನಾದ್ರೂ ಅಂದ್ನಾ?

"ನಾನು ಹೋದ್ರೆ ಅವನಿಗೆ ಕೊಟ್ಟ ಮಾತೂ ಹೋಯ್ತು ಐಲಿ. ನಿನ್ನ ಕೂಸಿಗೂ ಅದೇ ಒಲೆ, ಅದೇ ಕಲ್ಲು."

ಐಲಿ ಹೊಟ್ಟೆ ಹಿಡಿದುಕೊಂಡು ನಿಧಾನ ಎದ್ದಳು, ತನ್ನ ಮಣೆ ಎತ್ತಿಕೊಂಡು ಬಂದು ಬಾಗಿಲ ಗಾಳಿಗೆ ಅತ್ತೆಯ ಪಕ್ಕ ಕೂತಳು.